ನಂದಿಯ ಇಳಿಜಾರಿಗೂ ಒಪ್ಪುವ, ಕೈಗೆಟಕುವ ಕಾರ್ಬನ್ ಚಕ್ರಗಳನ್ನು ಆರಿಸುವುದು ಹೇಗೆ

ರೋಡ್ ಬೈಕ್‌ಗೆ ಕಾರ್ಬನ್ ಚಕ್ರ ಹಾಕಿಸಬೇಕೆಂಬ ಆಸೆ ಚಿಕ್ಕಬಳ್ಳಾಪುರದ ಸುತ್ತಮುತ್ತ ಸೈಕಲ್ ತುಳಿಯುವವರಲ್ಲಿ ಈಗ ಅಪರೂಪವಲ್ಲ. ಯುರೋಪ್, ಅಮೆರಿಕದ ಹೆಸರಾಂತ ಕಂಪನಿಗಳ ಚಕ್ರಗಳ ಜೋಡಿಯೊಂದು ಎರಡು ಲಕ್ಷ ರೂಪಾಯಿ ಮೀರುವುದು ಇಂದಿಗೂ ಸಾಮಾನ್ಯ. ಆದರೆ ಚೀನಾದ, ಅದರಲ್ಲೂ ಶಿಯಾಮೆನ್ ನಗರದ ವಿನ್‌ಸ್ಪೇಸ್, ಲೈಟ್ ಬೈಸಿಕಲ್, ಫಾರ್‌ಸ್ಪೋರ್ಟ್ಸ್ ಮುಂತಾದ ಕಂಪನಿಗಳು ಅದರ ಅರ್ಧಕ್ಕೂ ಕಡಿಮೆ ಬೆಲೆಗೆ ತಮ್ಮದೇ ಹೆಸರಿನಲ್ಲಿ ನೇರವಾಗಿ ಮಾರುತ್ತಿರುವುದರಿಂದ ಆಯ್ಕೆಯ ಬಾಗಿಲು ತೆರೆದಿದೆ. ಆಯ್ಕೆ ಹೆಚ್ಚಿದಷ್ಟೂ ಗೊಂದಲವೂ ಹೆಚ್ಚು. ಜಾಹೀರಾತುಗಳಲ್ಲಿ ತೂಕವೇ ದೊಡ್ಡ ಅಕ್ಷರದಲ್ಲಿರುತ್ತದೆ. ಆದರೆ ನಮ್ಮ ರಸ್ತೆಗಳಿಗೆ ಚಕ್ರ ಆರಿಸುವವರು ಮೊದಲು ನೋಡಬೇಕಾದದ್ದು ಬ್ರೇಕ್ ಯಾವ ಬಗೆಯದು, ಟೈರನ್ನು ರಿಮ್ ಹೇಗೆ ಹಿಡಿದುಕೊಳ್ಳುತ್ತದೆ, ಕೆಟ್ಟರೆ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬ ಮೂರು ಸಂಗತಿಗಳನ್ನು. ತೂಕ ಅವುಗಳ ನಂತರ ಬರುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಹೀಗೆ ಹೇಳುವುದಕ್ಕೆ ಲೆಕ್ಕದ ಆಧಾರವಿದೆ. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 80 ಕೆ.ಜಿ. ಎಂದಿಟ್ಟುಕೊಳ್ಳಿ. ಹೊಸ ಚಕ್ರಗಳು ಹಳೆಯವಕ್ಕಿಂತ 300 ಗ್ರಾಂ ಹಗುರ ಎಂದಾದರೆ ಒಟ್ಟು ತೂಕದಲ್ಲಿ ಇಳಿಯುವುದು ಶೇ. 0.4ಕ್ಕೂ ಕಡಿಮೆ. ನಂದಿ ಬೆಟ್ಟದ ಏರನ್ನು ಅರ್ಧ ಗಂಟೆಯಲ್ಲಿ ಮುಗಿಸುವವರಿಗೆ ಇದರಿಂದ ಉಳಿಯುವುದು ಆರೇಳು ಸೆಕೆಂಡು ಮಾತ್ರ. ತಿರುಗುವ ಭಾಗದ ತೂಕ ಎರಡರಷ್ಟು ಲೆಕ್ಕಕ್ಕೆ ಬರುತ್ತದೆ ಎಂಬ ಮಾತು ವೇಗ ಹೆಚ್ಚಿಸಿಕೊಳ್ಳುವ ಗಳಿಗೆಗೆ ಸರಿಯೇ ಹೊರತು, ಒಂದೇ ಲಯದಲ್ಲಿ ಏರುತ್ತಾ ಹೋಗುವಾಗ ಅನ್ವಯಿಸುವುದಿಲ್ಲ. ಕಾರ್ಬನ್ ಚಕ್ರದ ನಿಜವಾದ ಲಾಭ ಸಿಗುವುದು ಬಯಲಿನಲ್ಲಿ: ರಿಮ್ ಆಳವಾಗಿದ್ದಷ್ಟೂ, ಅಂದರೆ ಹೊರ ಅಂಚಿನಿಂದ ಚಕ್ರದ ನಡುವಿನ ಕಡೆಗೆ ಚಾಚಿದಷ್ಟೂ, ಅದು ಗಾಳಿಯನ್ನು ಸಲೀಸಾಗಿ ಸೀಳುತ್ತದೆ, ಅಷ್ಟು ಆಳದ ರಿಮ್ಮನ್ನು ಅಲ್ಯೂಮಿನಿಯಂನಲ್ಲಿ ಮಾಡಿದರೆ ಭಾರವಾಗುತ್ತದೆ. ಆದ್ದರಿಂದ 1,350 ಗ್ರಾಂ ಮತ್ತು 1,500 ಗ್ರಾಂ ನಡುವಿನ ವ್ಯತ್ಯಾಸಕ್ಕಾಗಿ ಇಪ್ಪತ್ತು ಸಾವಿರ ರೂಪಾಯಿ ಹೆಚ್ಚು ಕೊಡಬೇಕಾದ ಅಗತ್ಯ ಹೆಚ್ಚಿನವರಿಗೆ ಇರುವುದಿಲ್ಲ.

ಬ್ರೇಕ್: ಮೊದಲ ಪ್ರಶ್ನೆ

ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಬುಡದ ಕ್ರಾಸ್‌ನಿಂದ ಮೇಲಕ್ಕೆ ಏಳೆಂಟು ಕಿಲೋಮೀಟರ್ ದಾರಿ. ಒಂದರ ಹಿಂದೊಂದು ಕಡಿದಾದ ತಿರುವುಗಳು, ಎದುರಿಗೆ ಕಾರು, ಬೈಕುಗಳು, ಬಂಡೆಯ ಮೇಲೆ ಕುಳಿತ ಮಂಗಗಳು ಯಾವ ಗಳಿಗೆಯಲ್ಲಾದರೂ ರಸ್ತೆಗಿಳಿಯಬಹುದು. ಹೀಗಾಗಿ ಇಳಿಯುವಾಗ ಬ್ರೇಕ್ ಹಿಡಿಯದೆ ಗತ್ಯಂತರವಿಲ್ಲ. 80 ಕೆ.ಜಿ. ತೂಕ 400 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 310 ಕಿಲೋಜೂಲ್. ಇದು ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು ಶಾಖ. ಅದರಲ್ಲಿ ಒಂದು ಪಾಲನ್ನು ಗಾಳಿಯ ತಡೆ ನುಂಗಿಕೊಂಡರೂ, ನಿಧಾನವಾಗಿ ಇಳಿದಷ್ಟೂ ಬ್ರೇಕಿನ ಪಾಲು ಹೆಚ್ಚುತ್ತದೆ.

ಡಿಸ್ಕ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ಈ ಶಾಖವೆಲ್ಲ ಚಕ್ರದ ನಡುವೆ ಇರುವ ಉಕ್ಕಿನ ತಟ್ಟೆಗೆ, ಅಂದರೆ ರೋಟರ್‌ಗೆ ಹೋಗುತ್ತದೆ, ರಿಮ್‌ಗೆ ಅದರ ಸೋಂಕಿಲ್ಲ. ರಿಮ್ ಬ್ರೇಕ್ ಇದ್ದರೆ ಬ್ರೇಕಿನ ಪ್ಯಾಡು ಉಜ್ಜುವುದು ರಿಮ್ಮಿನ ಗೋಡೆಯನ್ನೇ. ಅಲ್ಯೂಮಿನಿಯಂ ಶಾಖವನ್ನು ಬೇಗ ಹರಡಿ ಗಾಳಿಗೆ ಬಿಟ್ಟುಕೊಡುತ್ತದೆ; ಕಾರ್ಬನ್ ನಾರುಗಳನ್ನು ಬೆಸೆದಿರುವ ರೆಸಿನ್ ಹಾಗಲ್ಲ, ಒಂದು ಮಿತಿ ದಾಟಿದರೆ ಅದು ಮೆದುವಾಗುತ್ತದೆ, ಒಳಗಿನ ಟೈರಿನ ಒತ್ತಡಕ್ಕೆ ಗೋಡೆ ಹೊರಕ್ಕೆ ಉಬ್ಬುತ್ತದೆ, ಪದರಗಳು ಬಿಟ್ಟುಕೊಳ್ಳುತ್ತವೆ. ಇಂಥ ರಿಮ್ಮನ್ನು ಸರಿಪಡಿಸುವ ಮಾತೇ ಇಲ್ಲ. ಆದ್ದರಿಂದ ರಿಮ್ ಬ್ರೇಕ್ ಸೈಕಲ್ ಇರುವವರು, ಅದರಲ್ಲೂ ವಾರವಾರ ನಂದಿಗೆ ಹೋಗುವವರು, ಅಗ್ಗದ ಕಾರ್ಬನ್ ಚಕ್ರದ ಆಸೆ ಬಿಟ್ಟು ಅದೇ ಹಣದಲ್ಲಿ ಅತ್ಯುತ್ತಮ ಅಲ್ಯೂಮಿನಿಯಂ ಚಕ್ರ, ಒಳ್ಳೆಯ ಟೈರ್ ಕೊಳ್ಳಲಿ ಎಂಬುದು ನನ್ನ ಖಚಿತ ಸಲಹೆ. ಈಗಾಗಲೇ ಕೊಂಡಿರುವವರು ಕಾರ್ಬನ್ನಿಗೆಂದೇ ಮಾಡಿದ ಪ್ಯಾಡುಗಳನ್ನು ಮಾತ್ರ ಬಳಸಬೇಕು, ಅಲ್ಯೂಮಿನಿಯಂ ರಿಮ್ ಮೇಲೆ ಉಜ್ಜಿದ ಪ್ಯಾಡುಗಳನ್ನು ಹಾಕಬಾರದು. ಅವುಗಳಲ್ಲಿ ಹುದುಗಿದ ಲೋಹದ ಚೂರುಗಳು ಕಾರ್ಬನ್ನನ್ನು ಕೊರೆಯುತ್ತವೆ. ಇಳಿಜಾರಿನುದ್ದಕ್ಕೂ ಬ್ರೇಕನ್ನು ಸಣ್ಣಗೆ ಒತ್ತಿಕೊಂಡೇ ಬರುವ ಬದಲು ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಟ್ಟುಬಿಡಬೇಕು. ಲೇಟೆಕ್ಸ್ ಟ್ಯೂಬಾಗಲಿ, ಟಿಪಿಯು ಎಂಬ ತೆಳು ಪ್ಲಾಸ್ಟಿಕ್ಕಿನ ಟ್ಯೂಬಾಗಲಿ ಈ ಶಾಖಕ್ಕೆ ತಕ್ಕುದಲ್ಲ. ಸಾಧಾರಣ ಬ್ಯೂಟೈಲ್ ರಬ್ಬರಿನ ಟ್ಯೂಬೇ ವಾಸಿ.

ಇಲ್ಲಿಂದ ಮುಂದಿನ ಮಾತೆಲ್ಲ ಡಿಸ್ಕ್ ಬ್ರೇಕ್ ಇರುವವರಿಗೆ.

ಕೊಕ್ಕೆ ಇರುವ ರಿಮ್, ಕೊಕ್ಕೆ ಇಲ್ಲದ ರಿಮ್

ಟೈರಿನ ಅಂಚನ್ನು ಕಚ್ಚಿ ಹಿಡಿಯಲು ರಿಮ್ಮಿನ ಒಳಗೋಡೆಯ ತುದಿಯಲ್ಲಿ ಸಣ್ಣ ಕೊಕ್ಕೆ ಇರುವುದು ಹಳೆಯ ಪದ್ಧತಿ. ಕೊಕ್ಕೆ ಇಲ್ಲದ, ಹುಕ್‌ಲೆಸ್ ಎಂದು ಕರೆಯುವ ನೇರ ಗೋಡೆಯ ರಿಮ್ಮನ್ನು ಅಚ್ಚಿನಲ್ಲಿ ತಯಾರಿಸುವುದು ಸುಲಭ, ಖರ್ಚೂ ಕಡಿಮೆ. ಹೀಗಾಗಿ ಅಗ್ಗದ ಚಕ್ರಗಳಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತಿದೆ. ಆದರೆ ಹುಕ್‌ಲೆಸ್ ರಿಮ್‌ಗೆ ಅಂತರರಾಷ್ಟ್ರೀಯ ಮಾನದಂಡ ವಿಧಿಸಿರುವ ಗರಿಷ್ಠ ಒತ್ತಡ 5 ಬಾರ್, ಅಂದರೆ 72.5 ಪಿಎಸ್‌ಐ. ಟೈರೂ ಹುಕ್‌ಲೆಸ್‌ಗೆ ಒಪ್ಪುತ್ತದೆಂದು ತಯಾರಕರು ಬರೆದುಕೊಟ್ಟಿರಬೇಕು, ರಿಮ್ಮಿನ ಒಳ ಅಗಲಕ್ಕೆ ಟೈರಿನ ಅಗಲ ಹೊಂದಬೇಕು; ಒಳ ಅಗಲ 25 ಮಿ.ಮೀ. ಇರುವ ಹುಕ್‌ಲೆಸ್ ರಿಮ್‌ಗೆ 28 ಮಿ.ಮೀ. ಟೈರ್ ಹಾಕುವುದು ಮಾನದಂಡಕ್ಕೆ ವಿರುದ್ಧ. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ಸೈಕಲ್ ಪಂದ್ಯದಲ್ಲಿ ಬೆಲ್ಜಿಯಂನ ಸವಾರ ಥಾಮಸ್ ಡಿ ಗೆಂಡ್ಟ್ ಬಿದ್ದಾಗ ಅವರ ಟೈರ್ ಹುಕ್‌ಲೆಸ್ ರಿಮ್ಮಿನಿಂದ ಕಳಚಿಕೊಂಡಿದ್ದನ್ನು ಜಗತ್ತೇ ನೋಡಿತು, ಅಂದಿನಿಂದ ಈ ಚರ್ಚೆ ಇನ್ನಷ್ಟು ಕಾವೇರಿತು.

ನಮ್ಮ ಸಂದರ್ಭದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಶಿಡ್ಲಘಟ್ಟದ ದಾರಿಯಲ್ಲೋ ಗುಡಿಬಂಡೆಯ ಹತ್ತಿರವೋ ಗಾಳಿ ಇಳಿದರೆ ಆಸರೆಗೆ ಸಿಗುವುದು ಲಾರಿ, ಟ್ರ್ಯಾಕ್ಟರ್‌ಗಳ ಪಂಚರ್ ಅಂಗಡಿ. ಅಲ್ಲಿನ ಕಂಪ್ರೆಸರ್ ಸೈಕಲ್ ಟೈರಿನ ಮಿತಿಯನ್ನು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ದಾಟಿಬಿಡುತ್ತದೆ. ಕೊಕ್ಕೆ ಇರುವ ರಿಮ್‌ಗೆ ಅಂಥ ಸಣ್ಣ ಹೆಚ್ಚುಕಡಿಮೆಯನ್ನು ತಡೆದುಕೊಳ್ಳುವ ಅವಕಾಶ ಹೆಚ್ಚು. ಆದ್ದರಿಂದ ಒಳ ಅಗಲ 21ರಿಂದ 23 ಮಿ.ಮೀ. ಇರುವ, ಕೊಕ್ಕೆ ಇರುವ, ಟ್ಯೂಬ್‌ಲೆಸ್ ಮತ್ತು ಟ್ಯೂಬ್ ಎರಡಕ್ಕೂ ಒಗ್ಗುವ ರಿಮ್ಮನ್ನೇ ಆರಿಸಿ, 28 ಅಥವಾ 30 ಮಿ.ಮೀ. ಟೈರ್ ಹಾಕಿಸಿಕೊಳ್ಳುವುದು ಕ್ಷೇಮ. ಕಲ್ಲುಕ್ವಾರಿಗಳ ಟಿಪ್ಪರ್‌ಗಳಿಂದ ಉದುರಿದ ಜಲ್ಲಿ, ಬಣ್ಣ ಬಳಿಯದ ರಸ್ತೆ ಉಬ್ಬುಗಳಿರುವ ದಾರಿಯಲ್ಲಿ 25 ಮಿ.ಮೀ. ಟೈರ್ ಹಾಕಿದರೆ ಏಟು ನೇರವಾಗಿ ರಿಮ್ಮಿನ ಅಂಚಿಗೆ ಬೀಳುತ್ತದೆ. ಪಂಚರ್ ಅಂಗಡಿಯ ಕಬ್ಬಿಣದ ಪಟ್ಟಿಯಿಂದ ಕಾರ್ಬನ್ ರಿಮ್ಮಿನ ಟೈರ್ ಬಿಡಿಸಲು ಎಂದೂ ಬಿಡಬೇಡಿ. ಪ್ಲಾಸ್ಟಿಕ್ ಲಿವರ್, ಸ್ವಂತದ ಕೈಪಂಪು, ಪ್ರೆಸ್ಟಾ ಎಂಬ ತೆಳು ವಾಲ್ವಿಗೆ ಹಾಕುವ ಹಿತ್ತಾಳೆಯ ಅಡಾಪ್ಟರ್ ಸದಾ ಜೊತೆಗಿರಲಿ.

ಆಳ, ಗಾಳಿ

ಆಷಾಢದ ಗಾಳಿಯಲ್ಲಿ ರಾಷ್ಟ್ರೀಯ ಹೆದ್ದಾರಿ 44ರ ಮೇಲ್ಸೇತುವೆ ಹತ್ತಿದವರಿಗೆ ಅಡ್ಡಗಾಳಿ ಎಂದರೇನೆಂದು ವಿವರಿಸಬೇಕಿಲ್ಲ. ಪಕ್ಕದಲ್ಲಿ ಕಂಟೇನರ್ ಲಾರಿ ಹಾದುಹೋದಾಗ ಗಾಳಿ ಒಮ್ಮೆಗೇ ನಿಂತು, ಮತ್ತೆ ಒಮ್ಮೆಗೇ ಬಡಿಯುತ್ತದೆ. ಮುಂದಿನ ಚಕ್ರ ಆಳವಾಗಿದ್ದಷ್ಟೂ ಹ್ಯಾಂಡಲ್ ಎಳೆಯುವುದು ಹೆಚ್ಚು. 60 ಕೆ.ಜಿ. ಆಸುಪಾಸಿನವರಿಗೆ 35ರಿಂದ 40 ಮಿ.ಮೀ., ಉಳಿದವರಿಗೆ 45ರಿಂದ 50 ಮಿ.ಮೀ. ಸಾಕು. ಹಿಂದಿನದು ಮುಂದಿನದಕ್ಕಿಂತ ಸ್ವಲ್ಪ ಆಳವಾಗಿದ್ದರೆ ತೊಂದರೆಯಿಲ್ಲ.

ಹಬ್ ಮತ್ತು ಸ್ಪೋಕ್: ನಂಬಿಕೆ ಇರುವುದು ಇಲ್ಲಿ

ರಿಮ್ಮಿನ ಮೇಲೆ ಟಿ700, ಟಿ800 ಎಂದು ಬರೆದಿರುವುದನ್ನು ನೋಡಿ ಮಾರುಹೋಗಬೇಡಿ. ಇವು ಜಪಾನಿನ ಟೋರೇ ಕಂಪನಿಯ ಕಾರ್ಬನ್ ನಾರಿನ ದರ್ಜೆಗಳು. ರಿಮ್ ಗಟ್ಟಿಯೋ ಅಲ್ಲವೋ ಎಂಬುದನ್ನು ನಾರಿನ ಜೊತೆಗೆ ರೆಸಿನ್, ಪದರಗಳ ಜೋಡಣೆ, ಅಚ್ಚಿನಲ್ಲಿ ಹದಗೊಳಿಸಿದ ರೀತಿ ಎಲ್ಲವೂ ಸೇರಿ ನಿರ್ಧರಿಸುತ್ತವೆ. ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 4210 ಪರೀಕ್ಷೆಯ ವರದಿಯನ್ನು ಕೇಳಿದಾಗ ಮಾರಾಟಗಾರರು ತಡವರಿಸದೆ ಕೊಟ್ಟರೆ ಅದು ಒಳ್ಳೆಯ ಲಕ್ಷಣ. ತೂಕದ ಮಿತಿಯನ್ನೂ ಕೇಳಿ: 110 ಕೆ.ಜಿ. ಎಂದರೆ ಅದು ಸವಾರರ ತೂಕವೋ, ಸೈಕಲ್ ಸಮೇತವೋ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.

ಸ್ಪೋಕಿನ ವಿಚಾರದಲ್ಲಿ ನನ್ನ ಒಲವು ಉಕ್ಕಿನ ಕಡೆಗೆ. ಕಾರ್ಬನ್ ಸ್ಪೋಕುಗಳು ಹಗುರ, ಬಿಗಿ, ನೋಡಲು ಚಂದ. ಆದರೆ ಒಂದು ಮುರಿದರೆ ಅದೇ ಕಂಪನಿಯದು, ಅದೇ ಉದ್ದದ್ದು ಬರುವವರೆಗೆ ಚಕ್ರ ಗೋಡೆಗೆ ನೇತಾಡಬೇಕು. ಸಾಪಿಮ್ ಸಿಎಕ್ಸ್-ರೇ ಅಥವಾ ಪಿಲ್ಲರ್ ಕಂಪನಿಯ ಚಪ್ಪಟೆ ಉಕ್ಕಿನ ಸ್ಪೋಕಾದರೆ ಬೆಂಗಳೂರಿನಲ್ಲಿ ಹುಡುಕಿದರೆ ಸಿಗುತ್ತದೆ, ಚಕ್ರ ಕಟ್ಟುವ ಕೈ ಇರುವವರು ಒಂದು ಸಂಜೆಯಲ್ಲಿ ಸರಿಮಾಡಿಕೊಡುತ್ತಾರೆ. ಸ್ಪೋಕನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟುಗಳಾದ ನಿಪ್ಪಲ್ಲುಗಳು ರಿಮ್ಮಿನ ಹೊರಗೆ ಕಾಣುವಂತಿರಲಿ. ಒಳಗೆ ಅಡಗಿದ್ದರೆ ಒಂದು ಸ್ಪೋಕ್ ಬಿಗಿಮಾಡಲೂ ಟೈರ್, ಟೇಪು ಎಲ್ಲ ಕೀಳಬೇಕಾಗುತ್ತದೆ. ಕೊಳ್ಳುವಾಗಲೇ ಪ್ರತಿ ಉದ್ದದ ಎರಡೆರಡು ಸ್ಪೋಕುಗಳನ್ನು ಹೆಚ್ಚಿಗೆ ಹಾಕಿಕೊಡಲು ಕೇಳಿ. ಹೆಚ್ಚಿನವರು ಒಪ್ಪುತ್ತಾರೆ.

ಹಬ್ಬಿನಲ್ಲಿ, ಅಂದರೆ ಚಕ್ರದ ನಡುವಿನ ತಿರುಗುವ ಭಾಗದಲ್ಲಿ, ಡಿಟಿ ಸ್ವಿಸ್ 350 ಸಿಕ್ಕರೆ ಕೆಲವು ಸಾವಿರ ಹೆಚ್ಚಾದರೂ ಕೊಡಬಹುದು. ನಾನು ತೂಕಕ್ಕೆ ಕೊಡದ ಹಣವನ್ನು ಇಲ್ಲಿ ಕೊಡುತ್ತೇನೆ. ಅದರ ರ‍್ಯಾಚೆಟ್ (ತುಳಿಯದಿದ್ದಾಗ ಚಕ್ರ ತಾನೇ ಉರುಳಲು ಬಿಡುವ ಹಲ್ಲಿನ ಭಾಗ) ಸರಳ, ಕೈಯಿಂದಲೇ ಬಿಚ್ಚಿ ಒರೆಸಿ ಗ್ರೀಸ್ ಹಚ್ಚಬಹುದು. ರಾಗಿ, ಹುರುಳಿ ಒಕ್ಕಣೆಯ ಕಾಲದಲ್ಲಿ ರಸ್ತೆಯ ಮೇಲೆ ಹರಡಿದ ಹುಲ್ಲು, ಹೊಟ್ಟು ಕ್ಯಾಸೆಟ್ಟಿಗೂ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಸ್ಪೋಕಿಗೂ ನಡುವೆ ಸುತ್ತಿಕೊಳ್ಳುವ ನಮ್ಮ ಜಿಲ್ಲೆಯಲ್ಲಿ ಈ ಸೌಲಭ್ಯ ಸಣ್ಣದಲ್ಲ. ಬೇರೆ ಹಬ್ಬಾದರೆ ಬೇರಿಂಗಿನ ಸಂಖ್ಯೆ ಕೇಳಿ: 6902, 6802 ಮುಂತಾದ ಸಾಮಾನ್ಯ ಅಳತೆಯವಾದರೆ ಯಾವುದೇ ದೊಡ್ಡ ಬೇರಿಂಗ್ ಅಂಗಡಿಯಲ್ಲಿ ದೊರೆಯುತ್ತವೆ. ಸೆರಾಮಿಕ್ ಬೇರಿಂಗಿಗೆ ಹೆಚ್ಚು ಹಣ ಕೊಡುವುದು ವ್ಯರ್ಥ. ನಿಮ್ಮ ಸೈಕಲ್ಲಿನ ಆಕ್ಸಲ್ ಅಳತೆ (ಮುಂದೆ 12×100, ಹಿಂದೆ 12×142 ಸಾಮಾನ್ಯ), ರೋಟರ್ ಸೆಂಟರ್‌ಲಾಕೋ (ನಡುವಿನ ಒಂದೇ ಉಂಗುರದಿಂದ ಬಿಗಿಯುವುದು) ಆರು ಬೋಲ್ಟಿನದೋ, ಕ್ಯಾಸೆಟ್ ಶಿಮಾನೋ ಬಗೆಯದೋ ಎಸ್‌ಆರ್‌ಎಎಂನ ಎಕ್ಸ್‌ಡಿಆರ್ ಬಗೆಯದೋ ಎಂಬುದನ್ನು ಬರೆದಿಟ್ಟುಕೊಂಡೇ ಆರ್ಡರ್ ಮಾಡಿ. ಶಿಮಾನೋದ 12 ಗೇರಿನ ರೋಡ್ ಕ್ಯಾಸೆಟ್ 11 ಗೇರಿನ ರೋಡ್ ಫ್ರೀಹಬ್ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) ಮೇಲೆ ಕೂರುತ್ತದೆ, ಅದಕ್ಕಾಗಿ ಬೇರೆ ಭಾಗ ಬೇಕಿಲ್ಲ.

ಹಣ, ಸುಂಕ, ವಾರಂಟಿ

ಹೊರದೇಶದಿಂದ ತರಿಸಿದರೆ ಆಮದು ಸುಂಕ ಬೀಳುವುದು ಚಕ್ರದ ಬೆಲೆಗೆ ಸಾಗಣೆ, ವಿಮೆ ಸೇರಿಸಿದ ಮೊತ್ತದ ಮೇಲೆ; ಆಮದಿನ ಜಿಎಸ್‌ಟಿಯಾದ ಐಜಿಎಸ್‌ಟಿ ಬೀಳುವುದು ಆ ಸುಂಕವನ್ನೂ ಕೂಡಿಸಿದ ಮೊತ್ತದ ಮೇಲೆ. ಕೊರಿಯರ್ ಕಂಪನಿ ಗುರುತಿನ ದಾಖಲೆ ಕೇಳುತ್ತದೆ, ತನ್ನ ಶುಲ್ಕವನ್ನೂ ಸೇರಿಸುತ್ತದೆ. ಈ ಎಲ್ಲವನ್ನೂ ಕೂಡಿ ಬಂದ ಮೊತ್ತವನ್ನು ಭಾರತದಲ್ಲೇ ಅದೇ ಚಕ್ರ ಮಾರುವ ವಿತರಕರ ಬೆಲೆಯೊಂದಿಗೆ ಹೋಲಿಸಿ. ವ್ಯತ್ಯಾಸ ಹತ್ತು ಸಾವಿರದೊಳಗಿದ್ದರೆ ಇಲ್ಲಿಯೇ ಕೊಳ್ಳುವುದು ಜಾಣತನ, ಏಕೆಂದರೆ ವಾರಂಟಿಯ ಬಾಬತ್ತಿನಲ್ಲಿ ರಿಮ್ಮನ್ನು ಚೀನಾಕ್ಕೆ ಕಳಿಸುವ ಖರ್ಚು ಯಾರದು ಎಂಬ ಪ್ರಶ್ನೆಯಲ್ಲೇ ಎಷ್ಟೋ ವಾರಂಟಿಗಳು ಸತ್ತುಹೋಗುತ್ತವೆ. ಸವಾರಿಯಲ್ಲಿ ಏಟು ಬಿದ್ದು ರಿಮ್ ಒಡೆದರೆ ಕಡಿಮೆ ಬೆಲೆಗೆ ಬದಲಿ ಕೊಡುವ ಕ್ರಾಶ್ ರಿಪ್ಲೇಸ್‌ಮೆಂಟ್ ಯೋಜನೆ ಇದೆಯೇ ಎಂದು ವಿಚಾರಿಸಿ. ದೊಡ್ಡ ಕಂಪನಿಯ ಹೆಸರಿನ ಸ್ಟಿಕರ್ ಅಂಟಿಸಿ ಕಾಲು ಬೆಲೆಗೆ ಮಾರುವವರ ಬಳಿ ಮಾತ್ರ ಸುಳಿಯಬೇಡಿ. ಬೇರೆಯವರ ಹೆಸರನ್ನು ಕದ್ದವರು ನಾಳೆ ರಿಮ್ ಒಡೆದಾಗ ಹೊಣೆ ಹೊರುವುದಿಲ್ಲ.

ಪೆಟ್ಟಿಗೆ ಬಂದ ದಿನ

ಪೆಟ್ಟಿಗೆ ತೆರೆಯುವುದನ್ನು ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ಚಿತ್ರೀಕರಿಸಿ. ಚಕ್ರವನ್ನು ಸೈಕಲ್ಲಿಗೆ ಸಿಕ್ಕಿಸಿ, ಫ್ರೇಮಿಗೆ ಒಂದು ಜಿಪ್ ಟೈ ಕಟ್ಟಿ ಅದರ ತುದಿ ರಿಮ್ಮಿಗೆ ತಾಗೀತಾಗದಂತೆ ನಿಲ್ಲಿಸಿ, ಚಕ್ರವನ್ನು ನಿಧಾನವಾಗಿ ತಿರುಗಿಸಿ. ಎಡಬಲದ ಓಲಾಟ ಅರ್ಧ ಮಿಲಿಮೀಟರಿಗಿಂತ ಹೆಚ್ಚಿದ್ದರೆ ಮಾರಾಟಗಾರರಿಗೆ ಕೂಡಲೇ ಬರೆಯಿರಿ. ಒಂದು ನಾಣ್ಯದಿಂದ ರಿಮ್ಮಿನ ಸುತ್ತ ತಟ್ಟುತ್ತಾ ಬನ್ನಿ. ಎಲ್ಲೆಡೆ ಒಂದೇ ಗಟ್ಟಿ ದನಿ ಬರಬೇಕು, ಒಂದು ಕಡೆ ಮಾತ್ರ ಮಂಕಾಗಿ ಕೇಳಿಸಿದರೆ ಒಳಗೆ ಪದರ ಬಿಟ್ಟಿರಬಹುದು. ವಾಲ್ವ್ ರಂಧ್ರದ ಬಳಿ ದನಿ ತುಸು ಬದಲಾಗುವುದು ಸಹಜ. ಸ್ಪೋಕ್ ರಂಧ್ರಗಳ ಸುತ್ತ ಕೂದಲೆಳೆಯ ಬಿರುಕಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಒಂದೇ ಬದಿಯ ಅಕ್ಕಪಕ್ಕದ ಸ್ಪೋಕುಗಳನ್ನು ಜೋಡಿಯಾಗಿ ಹಿಂಡಿದಾಗ ಬಿಗಿತ ಸಮನಾಗಿರಬೇಕು.

ಮೊದಲ ಕೆಲವು ಸವಾರಿಗಳಲ್ಲಿ ಸ್ಪೋಕುಗಳು ತಮ್ಮ ಜಾಗದಲ್ಲಿ ಕೂರುತ್ತವೆ, ಆಮೇಲೆ ಒಮ್ಮೆ ಬಿಗಿತ ಸರಿಮಾಡಿಸಿ. ಬೇಸಿಗೆಯಲ್ಲಿ ಟ್ಯೂಬ್‌ಲೆಸ್ ಟೈರಿನೊಳಗೆ ತೂತು ಮುಚ್ಚಲು ಹಾಕುವ ದ್ರವ, ಸೀಲೆಂಟ್, ಬೇಗ ಒಣಗುವುದರಿಂದ ಎರಡು ತಿಂಗಳಿಗೊಮ್ಮೆ ನೋಡಿ ತುಂಬಿಸಬೇಕು. ಗುಂಡಿಗೆ ಬಿದ್ದು ರಿಮ್ಮಿಗೆ ಏಟು ತಗಲಿದ ಸದ್ದು ಕೇಳಿದರೆ ಮನೆಗೆ ಬಂದ ಮೇಲೆ ಟೈರ್ ಬಿಚ್ಚಿ, ಹಳೆಯ ಹತ್ತಿ ಬಟ್ಟೆಯಿಂದ ಅಂಚನ್ನು ಸುತ್ತಲೂ ಒರೆಸಿ. ನೂಲು ಸಿಕ್ಕಿಕೊಂಡ ಕಡೆ ಕಾರ್ಬನ್ ಸೀಳಿದೆ ಎಂದರ್ಥ. ಅಂಥ ಚಕ್ರವನ್ನು ಪರಿಣತರು ನೋಡಿ ಒಪ್ಪುವವರೆಗೆ ರಸ್ತೆಗಿಳಿಸಬೇಡಿ.