128 ಬಿಟ್ಟೋ, 256 ಬಿಟ್ಟೋ? ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ ಹೀಗೆ ಲೆಕ್ಕ ಹಾಕಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಕೇಳಿದರೆ ಮಾತು ಶುರುವಾಗುವುದೇ ‘8 ಜಿಬಿ ಬೇಕಾ, 16 ಜಿಬಿ ಬೇಕಾ’ ಎಂಬಲ್ಲಿಂದ. ಮೆಮೊರಿ ಬಸ್ ಎಷ್ಟು ಬಿಟ್ ಎಂದು ಕೇಳುವವರು ಕಡಿಮೆ. ಕೇಳಿದವರೂ ‘256 ಅಂದ್ರೆ ಒಳ್ಳೇದು, 128 ಅಂದ್ರೆ ಮೋಸ’ ಎಂದು ಅಲ್ಲಿಗೇ ಮುಗಿಸಿಬಿಡುತ್ತಾರೆ. ವಿಷಯ ಅಷ್ಟು ಸುಲಭವಿಲ್ಲ. ಆದರೆ ತೀರಾ ಕಷ್ಟವೂ ಇಲ್ಲ, ಫೋನಿನ ಕ್ಯಾಲ್ಕುಲೇಟರ್ ಸಾಕು.

ಹಂತ 1: ಗುಣಿಸಿ, 8ರಿಂದ ಭಾಗಿಸಿ

ಬಸ್ ಎಂದರೆ ಗ್ರಾಫಿಕ್ಸ್ ಚಿಪ್ಪಿಗೂ ಮೆಮೊರಿಗೂ ನಡುವಿನ ದತ್ತಾಂಶದ ತಂತಿಗಳ ಸಾಲು. 256 ಬಿಟ್ ಎಂದರೆ ಅಂಥ 256 ತಂತಿ. ಒಂದು ತಂತಿಯಲ್ಲಿ ಸೆಕೆಂಡಿಗೆ ಎಷ್ಟು ಗಿಗಾಬಿಟ್ ಓಡುತ್ತದೆ ಎಂಬುದು ಮೆಮೊರಿಯ ವೇಗ. ಎರಡನ್ನೂ ಗುಣಿಸಿ 8ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಜಿಬಿ ಸಾಗುತ್ತದೆ ಎಂದು ಸಿಗುತ್ತದೆ. ಅದೇ ಬ್ಯಾಂಡ್‌ವಿಡ್ತ್.

ಎನ್‌ವಿಡಿಯಾದ ಎರಡು ಕಾರ್ಡು ತೆಗೆದುಕೊಳ್ಳಿ. 2020ರ ಆರ್‌ಟಿಎಕ್ಸ್ 3060 ಟಿಐ: 256 × 14 ÷ 8 = 448. 2023ರ ಆರ್‌ಟಿಎಕ್ಸ್ 4060 ಟಿಐ: 128 × 18 ÷ 8 = 288. ಅಮೆರಿಕದಲ್ಲಿ ಬಿಡುಗಡೆಯಾದಾಗ ಎರಡಕ್ಕೂ ಒಂದೇ ಬೆಲೆ, 399 ಡಾಲರ್. ಹೊಸದರಲ್ಲಿ ದಾರಿ ಕಿರಿದಾಗಿದೆ. ಯಾಕೆ?

ಹಂತ 2: ಅಗಲಕ್ಕೆ ತಗಲುವ ಖರ್ಚು ನೋಡಿ

ಈ ಕಾರ್ಡುಗಳ ಒಂದೊಂದು ಮೆಮೊರಿ ಚಿಪ್ಪಿಗೆ 32 ತಂತಿ. 256 ಬಿಟ್ ಬೇಕಾದರೆ ಎಂಟು ಚಿಪ್, 128 ಆದರೆ ನಾಲ್ಕೇ. ತಂತಿ ಜಾಸ್ತಿಯಾದಷ್ಟೂ ಬೋರ್ಡಿನಲ್ಲಿ ಪದರಗಳು ಬೇಕು, ವಿದ್ಯುತ್ತೂ ಬೇಕು. ಆದರೆ ಅಸಲಿ ಖರ್ಚು ಇರುವುದು ಗ್ರಾಫಿಕ್ಸ್ ಚಿಪ್ಪಿನ ಅಂಚಿನಲ್ಲಿ. ಮೆಮೊರಿಯ ಜೊತೆ ಮಾತಾಡುವ ಸರ್ಕ್ಯೂಟ್‌ಗಳು ಕೂರುವುದು ಅಲ್ಲಿ. ತಯಾರಿಕೆಯ ತಂತ್ರ ಮುಂದುವರಿದಂತೆ ಉಳಿದ ಟ್ರಾನ್ಸಿಸ್ಟರ್‌ಗಳು ಕುಗ್ಗುತ್ತವೆ, ಇವು ಮಾತ್ರ ಅಷ್ಟಾಗಿ ಕುಗ್ಗುವುದಿಲ್ಲ. ಊರಲ್ಲಿ ಸೈಟಿನ ಬೆಲೆ ಏರುತ್ತಲೇ ಇದೆ, ಹಜಾರದ ಮೂಲೆಯ ಭತ್ತದ ಪಣತ ಮಾತ್ರ ಮೊದಲಿದ್ದಷ್ಟೇ ಜಾಗ ಹಿಡಿಯುತ್ತಿದೆ ಎಂದುಕೊಳ್ಳಿ. 4060 ಟಿಐ ಚಿಪ್ಪಿನ ವಿಸ್ತೀರ್ಣ 3060 ಟಿಐ ಚಿಪ್ಪಿನ ಅರ್ಧಕ್ಕಿಂತ ಕಡಿಮೆ. ಅಷ್ಟು ಪುಟ್ಟ ಚಿಪ್ಪಿನಲ್ಲಿ ಅಂಚೂ ಕಡಿಮೆಯೇ ತಾನೆ?

ಈ ಚೌಕಾಸಿ ಹೊಸದಲ್ಲ. 2008ರಲ್ಲಿ ಎನ್‌ವಿಡಿಯಾ 512 ಬಿಟ್ಟಿನ ಜಿಟಿಎಕ್ಸ್ 280 ತಂದಿತು. ಬೆಲೆ 649 ಡಾಲರ್. ಅದೇ ತಿಂಗಳು ಎದುರಾಳಿ ಕಂಪನಿ ಎಎಂಡಿ ಬರೀ 256 ಬಿಟ್ಟಿನ ಎಚ್‌ಡಿ 4870 ತಂದಿತು, 299 ಡಾಲರಿಗೆ. ಆದರೆ ಅದರಲ್ಲಿದ್ದದ್ದು ಜಿಡಿಡಿಆರ್5 ಎಂಬ, ಆಗ ಹೊಸದಾಗಿದ್ದ ವೇಗದ ಮೆಮೊರಿ. ಅಗಲ ಅರ್ಧವಾದರೂ ಬ್ಯಾಂಡ್‌ವಿಡ್ತ್ 115 ಜಿಬಿ ಮುಟ್ಟಿತು, ಜಿಟಿಎಕ್ಸ್ 280ರದು 142. ಕೆಲವೇ ವಾರಗಳಲ್ಲಿ ಜಿಟಿಎಕ್ಸ್ 280ರ ಬೆಲೆ 499ಕ್ಕೆ ಇಳಿಯಿತು.

ಹಂತ 3: ಕ್ಯಾಶೆ ಎಷ್ಟಿದೆ ಹುಡುಕಿ

ಕಿರಿದಾದ ಬಸ್ಸಿನ ಕೊರತೆ ತುಂಬಲು ಈಗ ಚಿಪ್ಪಿನೊಳಗೇ ದೊಡ್ಡ ಕ್ಯಾಶೆ, ಅಂದರೆ ಪದೇಪದೇ ಬೇಕಾಗುವ ದತ್ತಾಂಶಕ್ಕೆ ಹತ್ತಿರದ ಮೆಮೊರಿ, ಇಡುತ್ತಾರೆ. 3060 ಟಿಐನಲ್ಲಿ 4 ಎಂಬಿ ಇದ್ದ ಎಲ್2 ಕ್ಯಾಶೆ 4060 ಟಿಐನಲ್ಲಿ 32 ಎಂಬಿ. ಇದು ಒಲೆ ಪಕ್ಕದ ಒಗ್ಗರಣೆ ಡಬ್ಬಿಯಂತೆ. ಸಾಸಿವೆ, ಜೀರಿಗೆ ಕೈಗೇ ಸಿಕ್ಕರೆ ಉಗ್ರಾಣಕ್ಕೆ ಓಡುವುದು ತಪ್ಪುತ್ತದೆ. ಮನೆಮಂದಿಯ ಅಡುಗೆಗೆ ಅಷ್ಟು ಸಾಕು. ಮದುವೆ ಅಡುಗೆಗೆ? 1080ಪಿ ಪರದೆಯಲ್ಲಿ 4060 ಟಿಐ ಮುಂದೆ ಇರುತ್ತದೆ. ಅದಕ್ಕಿಂತ ಹೆಚ್ಚು ಚುಕ್ಕೆಗಳ 4ಕೆ ಪರದೆಗೆ ಹೋದಂತೆ ಆ ಅಂತರ ಕರಗುತ್ತದೆ, ಕೆಲವು ಆಟಗಳಲ್ಲಿ ಹಳೆಯದೇ ಗೆಲ್ಲುತ್ತದೆ.

ಹಂತ 4: ಜಿಬಿಯನ್ನೂ ಬಸ್ಸೇ ಕಟ್ಟಿಹಾಕುತ್ತದೆ

ನನಗೆ ಅತಿ ಮುಖ್ಯ ಅನಿಸುವುದು ಇದು. 128 ಬಿಟ್ ಎಂದರೆ ನಾಲ್ಕು ಚಿಪ್. ಒಂದು ಚಿಪ್ಪಿಗೆ 2 ಜಿಬಿ ಎಂದರೆ 8 ಜಿಬಿ. ಇನ್ನೂ ಬೇಕು ಅಂದರೆ ಬೋರ್ಡಿನ ಹಿಂಬದಿಯಲ್ಲೂ ನಾಲ್ಕು ಕೂರಿಸಿ, ಇದ್ದ ತಂತಿಗಳನ್ನೇ ಹಂಚಿ, ಒಂದೇ ಸಲ 16 ಮಾಡಬೇಕು. ಎನ್‌ವಿಡಿಯಾ ಹಾಗೇ ಮಾಡಿ 499 ಡಾಲರಿಗೆ 16 ಜಿಬಿಯ 4060 ಟಿಐ ಮಾರಿತು. ಉಗ್ರಾಣ ದೊಡ್ಡದಾಯಿತು, ಬಾಗಿಲು ಅಷ್ಟೇ ಉಳಿಯಿತು: ಅದೇ 288. ಮಾಮೂಲಿ 3060ರಲ್ಲಿ 12 ಜಿಬಿ, ಅದಕ್ಕಿಂತ ದುಬಾರಿ 3060 ಟಿಐನಲ್ಲಿ ಬರೀ 8 ಇದ್ದದ್ದೂ ಹೀಗೇ. ಮೊದಲನೆಯದು 192 ಬಿಟ್, ಆರು ಚಿಪ್, ತಲಾ 2 ಜಿಬಿ. ಎರಡನೆಯದರಲ್ಲಿ ಎಂಟು ಚಿಪ್, ತಲಾ 1.

ಮನೆಯ ಕಂಪ್ಯೂಟರಿನಲ್ಲೇ ಎಐ ಓಡಿಸುವ ಆಸೆಯಿದ್ದರೆ ಇದನ್ನು ಮರೆಯಬೇಡಿ. ಭಾಷಾ ಮಾದರಿ (ಬರೆದು ಉತ್ತರಿಸುವ ಎಐ) ಒಂದೊಂದು ಪದದ ತುಣುಕು ಹೊರಡಿಸುವಾಗಲೂ ಸಾಮಾನ್ಯವಾಗಿ ತನ್ನ ಇಡೀ ಗಾತ್ರವನ್ನು ಮೆಮೊರಿಯಿಂದ ಓದುತ್ತದೆ. 12 ಜಿಬಿಯ ಮಾದರಿ, 288ರ ಕಾರ್ಡು: ಹೀಗೆ ಓದುತ್ತಿದ್ದರೆ ಸೆಕೆಂಡಿಗೆ 24 ತುಣುಕು ದಾಟದು. ಇಲ್ಲಿ ಒಗ್ಗರಣೆ ಡಬ್ಬಿ ಕೆಲಸಕ್ಕೆ ಬರುವುದಿಲ್ಲ.

ಹಂತ 5: ಹೆಸರು ನಂಬಬೇಡಿ

ಜಿಟಿ 1030 ಎಂಬ ಅಗ್ಗದ ಕಾರ್ಡು ಎರಡು ರೂಪದಲ್ಲಿ ಬಂತು. ಎರಡೂ 64 ಬಿಟ್. ಜಿಡಿಡಿಆರ್5 ಇದ್ದದ್ದರ ಬ್ಯಾಂಡ್‌ವಿಡ್ತ್ 48 ಜಿಬಿ, ನಿಧಾನದ ಡಿಡಿಆರ್4 ಮೆಮೊರಿ ಇದ್ದದ್ದರದು 17ರ ಹತ್ತಿರ. 3060ಕ್ಕೂ ಆಮೇಲೆ 128 ಬಿಟ್ಟಿನ, 8 ಜಿಬಿಯ ತಮ್ಮ ಹುಟ್ಟಿದ. ಬ್ಯಾಂಡ್‌ವಿಡ್ತ್ 360 ಇದ್ದದ್ದು 240 ಆಯಿತು, ಹೆಸರು ಮಾತ್ರ ಅದೇ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಜಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶ ಹಾಕಿಸಿ ನೋಡಿ. ಬಸ್ಸಿನ ಅಗಲ, ಮೆಮೊರಿಯ ಜಾತಿ, ಬ್ಯಾಂಡ್‌ವಿಡ್ತ್ ಮೂರೂ ಒಂದೇ ಪರದೆಯಲ್ಲಿ ಕಾಣುತ್ತವೆ.

ಹೊಸ ಕಾರ್ಡಿನ ಮೇಲೆ 128 ಎಂದು ಕಂಡ ಕೂಡಲೇ ಮೂಗು ಮುರಿಯುವುದೂ ಬೇಡ. 2025ರ ಆರ್‌ಟಿಎಕ್ಸ್ 5060 ಟಿಐ ಕೂಡ 128 ಬಿಟ್ಟೇ, ಆದರೆ ಅದರ ಜಿಡಿಡಿಆರ್7 ಓಡುವುದು 28 ಗಿಗಾಬಿಟ್‌ನಲ್ಲಿ. ಗುಣಿಸಿ, ಭಾಗಿಸಿ: 448. ಅದಕ್ಕಿಂತ ಐದು ವರ್ಷ ಹಿಂದಿನ 256 ಬಿಟ್ಟಿನ 3060 ಟಿಐ ಕಾರ್ಡಿನದೂ ಇದೇ ಅಂಕಿ.