ಬೇಸಿಗೆ ರಜೆಯಲ್ಲೇ ಮಾನವ ಭೂಗೋಳ: ನಾನು ಮಾಡಿಸಿದ್ದು ಹೀಗೆ

ಈ ಸಲ ಎರಡನೇ ಪಿಯುಸಿ ಭೂಗೋಳದಲ್ಲಿ ನಮ್ಮ ಮಕ್ಕಳ ಅಂಕ ನೋಡಿ ಅಕ್ಕಪಕ್ಕದ ಕಾಲೇಜಿನ ಉಪನ್ಯಾಸಕರು ಫೋನ್ ಮಾಡಿದರು. ‘ಏನ್ ಮಾಡಿಸಿದ್ರಿ ಸಾರ್, ನಮಗೂ ಹೇಳಿ’ ಅಂತ. ‘ಆರ್ಟ್ಸ್ ಮಕ್ಕಳು ಬೇಸಿಗೆ ರಜೆಯಲ್ಲಿ ಬರ್ತಾರಾ? ಸುಮ್ನೆ ನೋಟ್ಸ್ ಕೊಟ್ಬಿಡಿ’ ಅಂದಿದ್ದವರೂ ಇವರೇ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಎಂಬತ್ತು ದಾಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಪಾಠಗಳ ಪಿಡಿಎಫ್ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದೆ. ಯಾರೂ ತೆರೆಯಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಬೆಳಗ್ಗೆ ಹೊತ್ತು ತರಗತಿ ಇಟ್ಟೆ. ಒಂದೇ ವಾರದಲ್ಲಿ ಬೆಂಚು ಖಾಲಿ. ಮದುವೆ ಸೀಸನ್ ಅಲ್ವಾ, ಹುಡುಗರು ಬಡಿಸೋಕೆ ಹೋದರೆ ದಿನಕ್ಕೆ ಐನೂರು ರೂಪಾಯಿ ಸಿಗುತ್ತದೆ. ಅದನ್ನು ಬಿಟ್ಟು ಬನ್ನಿ ಅನ್ನೋದು ನ್ಯಾಯವಲ್ಲ. ಹಾಗಾಗಿ ಮೂರನೇ ವರ್ಷ ತರಗತಿಯನ್ನೇ ತೆಗೆದುಹಾಕಿದೆ. ಅವರವರ ಊರಲ್ಲೇ, ಸಂಜೆ ಬಿಸಿಲಿಳಿದ ಮೇಲೆ ಒಂದು ಗಂಟೆ ಕೆಲಸ. ಪುಸ್ತಕ ಜೂನ್‌ವರೆಗೆ ಮುಟ್ಟೋ ಹಾಗಿಲ್ಲ.

ಮೊದಲ ಕೆಲಸ ಜನಸಂಖ್ಯೆ. ಮದ್ದೂರು ಕಡೆಯ ಒಂದು ಊರಲ್ಲಿ ಮೂರು ಬೀದಿ, ಅರವತ್ತು ಎಪ್ಪತ್ತು ಮನೆ. ಪ್ರತಿಯೊಬ್ಬರ ವಯಸ್ಸು ಬರೆದುಕೊಂಡು, ಒಂದೊಂದು ವರ್ಷಕ್ಕೂ ಒಂದು ಗೆರೆಯಂತೆ ಗ್ರಾಫ್ ಹಾಳೆಯಲ್ಲಿ ಎಳೆಯಬೇಕು. ಇದಕ್ಕೇ ಜನಸಂಖ್ಯಾ ಪಿರಮಿಡ್ ಅನ್ನೋದು. ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ಎಳೆದು ನೋಡಿದರೆ ಬಾಚಣಿಗೆ ಹಲ್ಲು ಮುರಿದ ಹಾಗಿತ್ತು. 40, 45, 50, 60 ಮಾತ್ರ ಉದ್ದ, ನಡುವೆ ಎಲ್ಲಾ ಗಿಡ್ಡ. ಮಕ್ಕಳು ‘ಸರ್ವೆ ಕೆಟ್ಟೋಯ್ತು ಸಾರ್’ ಅಂತ ಸಪ್ಪಗೆ ಕೂತರು. ನನಗೆ ಖುಷಿಯೋ ಖುಷಿ. ಜನಗಣತಿಯಲ್ಲೂ ಇದೇ ಆಗುತ್ತದೆ. ವಯಸ್ಸು ಸರಿಯಾಗಿ ಗೊತ್ತಿಲ್ಲದವರು ಸೊನ್ನೆ ಇಲ್ಲ ಐದರಲ್ಲಿ ಮುಗಿಯುವ ಅಂಕಿ ಹೇಳುತ್ತಾರೆ.

ಮತ್ತೆ ಕಳಿಸಿದೆ. ಈ ಸಲ ವಯಸ್ಸು ಕೇಳಬೇಡಿ, ಘಟನೆ ಕೇಳಿ ಅಂದೆ. 1984ರಲ್ಲಿ ಇಂದಿರಾ ಗಾಂಧಿ ತೀರಿಕೊಂಡಾಗ ಏನು ಮಾಡ್ತಿದ್ರಿ? 1991ರ ಕಾವೇರಿ ಗಲಾಟೆ ಹೊತ್ತಿಗೆ ಮದುವೆ ಆಗಿತ್ತಾ? 2000ದಲ್ಲಿ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತೊಯ್ದಾಗ ಮಗು ಎಷ್ಟು ದೊಡ್ಡದಿತ್ತು? ‘ಅರವತ್ತು ಕಣವ್ವ’ ಅಂದಿದ್ದ ಅಜ್ಜಿಯೊಬ್ಬರು ‘ಇಂದಿರಮ್ಮ ಸತ್ತ ವರ್ಷ ದೊಡ್ಡ ಮಗಳನ್ನ ಒಂದನೇ ಕ್ಲಾಸಿಗೆ ಸೇರಿಸಿದ್ದೆ’ ಅಂದರು. ಲೆಕ್ಕ ಹಾಕಿದರೆ ಕಡಿಮೆ ಅಂದ್ರೂ ಅರವತ್ತೈದು. ಎರಡನೇ ಪಿರಮಿಡ್ ಎಷ್ಟೋ ನಯವಾಗಿ ಬಂತು.

ಅದರಲ್ಲಿ ಇಪ್ಪತ್ತರಿಂದ ಮೂವತ್ತೈದರ ಗಂಡಸರ ಕಡೆ ಒಳಕ್ಕೆ ಕುಗ್ಗಿತ್ತು. ಆರು ತಿಂಗಳಿಗಿಂತ ಜಾಸ್ತಿ ಹೊರಗಿರುವವರನ್ನು ಬೇರೆ ಪಟ್ಟಿಗೆ ಹಾಕಿಸಿದ್ದೆ, ಅದಕ್ಕೆ. ಪಟ್ಟಿ ತುಂಬಾ ಬೆಂಗಳೂರು, ಸ್ವಲ್ಪ ಮೈಸೂರು, ಒಂದೆರಡು ಮುಂಬೈ. ವಲಸಿಗರು ಅಂದರೆ ಇವರೇ ಅಂತ ಮಕ್ಕಳು ತೀರ್ಮಾನ ಮಾಡಿದ್ದರು. ‘ನಿಮ್ಮ ಅಮ್ಮ ಹುಟ್ಟಿದ್ದು ಯಾವ ಊರಲ್ಲಿ?’ ಅಂತ ಕೇಳಿದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಮನೆಮನೆಗೂ ಬೇರೆ ಊರಿಂದ ಬಂದ ಸೊಸೆ ಇದ್ದಾಳೆ. ನಮ್ಮ ದೇಶದಲ್ಲಿ ಹೆಂಗಸರ ವಲಸೆಗೆ ಮದುವೆಯೇ ಎಲ್ಲಕ್ಕಿಂತ ದೊಡ್ಡ ಕಾರಣ. ಹೆಚ್ಚಿನ ವಲಸಿಗರು ಹತ್ತಿರದ ಊರಿಗೇ ಹೋಗುತ್ತಾರೆ ಅಂತ ಭೂಗೋಳಶಾಸ್ತ್ರಜ್ಞ ರಾವೆನ್‌ಸ್ಟೈನ್ 1885ರಲ್ಲೇ ಬರೆದಿದ್ದು ಜೂನ್‌ನಲ್ಲಿ ಪಾಠಕ್ಕೆ ಬಂದಾಗ ನಾನು ಬಾಯಿ ಬಿಡುವ ಮೊದಲೇ ಮಕ್ಕಳು ಉದಾಹರಣೆ ಹೇಳುತ್ತಿದ್ದರು.

ಕೈಗಾರಿಕೆಗೆ ಆಲೆಮನೆ ಸಾಕು. ಒಂದು ಟನ್ ಕಬ್ಬು ಅರೆದರೆ ಬೆಲ್ಲ ಸಿಗೋದು ಒಂದು ಕ್ವಿಂಟಾಲ್ ಆಸುಪಾಸು. ಒಲೆಗೆ ಕಬ್ಬಿನ ಸಿಪ್ಪೆಯೇ ಉರುವಲು. ಕಡಿದ ಕಬ್ಬು ಇಟ್ಟಷ್ಟೂ ಸಕ್ಕರೆ ಅಂಶ ಇಳಿಯುತ್ತದೆ. ಇಷ್ಟು ಗೊತ್ತಾದ ಮೇಲೆ ಆಲೆಮನೆ ಗದ್ದೆ ಪಕ್ಕದಲ್ಲೇ ಯಾಕಿದೆ, 1933ರಲ್ಲಿ ಮಂಡ್ಯದ ಮೈಶುಗರ್ ಸಕ್ಕರೆ ಕಾರ್ಖಾನೆ ಇಲ್ಲೇ ಯಾಕೆ ಹುಟ್ಟಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆ, ನಾಲೆ ನೀರು, ಕಬ್ಬು, ಕಾರ್ಖಾನೆ. ಜರ್ಮನಿಯ ಅರ್ಥಶಾಸ್ತ್ರಜ್ಞ ವೆಬರ್ 1909ರಲ್ಲಿ ಹೇಳಿದ ತೂಕ ಕಳೆದುಕೊಳ್ಳುವ ಕಚ್ಚಾವಸ್ತು ಇದೇ.

ಒಂದು ಅಡ್ಡ ಪ್ರಯೋಗದ ಬಗ್ಗೆ ಹೇಳಲೇಬೇಕು. ಇದು ಪಠ್ಯದಲ್ಲಿಲ್ಲ, ನನ್ನ ಹುಚ್ಚು. ಎರಡು ಪಟ್ಟಣಗಳ ನಡುವೆ ಗಿರಾಕಿಗಳು ಎಲ್ಲಿ ಎರಡು ಪಾಲಾಗುತ್ತಾರೆ ಅನ್ನೋದಕ್ಕೆ ಅಮೆರಿಕದ ಮಾರುಕಟ್ಟೆ ತಜ್ಞ ರೈಲಿ 1931ರಲ್ಲಿ ಕೊಟ್ಟ ಲೆಕ್ಕದಿಂದ ಒಂದು ಸೂತ್ರ ಇದೆ. 2011ರ ಜನಗಣತಿ ಪ್ರಕಾರ ಮೈಸೂರು ಹತ್ತಿರ ಹತ್ತಿರ 10 ಲಕ್ಷ, ಮಂಡ್ಯ 1.37 ಲಕ್ಷ, ದೂರ ಸುಮಾರು 45 ಕಿ.ಮೀ. ಲೆಕ್ಕಕ್ಕೆ ಮಂಡ್ಯದಿಂದ 12 ಕಿ.ಮೀ. ಬಂತು. ಅಂದರೆ ಅಲ್ಲಿಂದಾಚೆ ಎಲ್ಲರೂ ಮೈಸೂರಿನ ಗಿರಾಕಿಗಳಾಗಬೇಕು. ಯಾವುದಕ್ಕೆ ಯಾವ ಊರಿಗೆ ಹೋಗ್ತೀರಿ ಅಂತ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಹೆಣ್ಣುಮಕ್ಕಳು ಕೇಳಿ ಬಂದರು. ಗೊಬ್ಬರ, ಬಿತ್ತನೆ ಬೀಜಕ್ಕೆ ಹತ್ತಿರದ ಪೇಟೆಯೇ. ಮದುವೆ ಜವಳಿಗೆ, ದೊಡ್ಡ ಆಸ್ಪತ್ರೆಗೆ ಮಂಡ್ಯದ ಬಾಗಿಲಲ್ಲಿರುವ ಊರಿನವರೂ ಮೈಸೂರು ಬಸ್ ಹತ್ತುತ್ತಾರೆ. ಹಾಗಾದರೆ ಗೆರೆ ಒಂದಲ್ಲ, ಸಾಮಾನಿಗೊಂದು ಗೆರೆ. ದೊಡ್ಡ ಸಾಮಾನಿಗೆ ಜನ ದೂರ ಹೋಗುತ್ತಾರೆ ಅನ್ನುವ ಜರ್ಮನ್ ಭೂಗೋಳಶಾಸ್ತ್ರಜ್ಞ ಕ್ರಿಸ್ಟಾಲರ್ ಮಾತು ಮಕ್ಕಳಿಗೆ ಅಲ್ಲೇ ಸಿಕ್ಕಿಬಿಟ್ಟಿತು.

ಬಸ್ಸಿನ ಕೆಲಸ ಹೆಣ್ಣುಮಕ್ಕಳಿಗೆ ಕೊಟ್ಟಿದ್ದಕ್ಕೆ ಕಾರಣ ಇದೆ. ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಟಿಕೆಟ್ ದುಡ್ಡಿಲ್ಲ. ಹುಡುಗರಿಗೆ ಊರೊಳಗಿನ ಕೆಲಸ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೈಸೂರಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದಕ್ಕೆ ಏಳೆಂಟು ನೂರು ಆಯಿತು. ಗ್ರಾಫ್ ಹಾಳೆ, ಜೆರಾಕ್ಸ್, ಕೊನೆ ದಿನದ ಊಟ ಎಲ್ಲಾ ಸೇರಿ ಮೂರೂವರೆ ಸಾವಿರದ ಹತ್ತಿರ, ನನ್ನ ಜೇಬಿಂದ. ಬೇಸಿಗೆ ಕೋಚಿಂಗ್ ಅಂತ ತಲೆಗೆ ಐದಾರು ಸಾವಿರ ತೆಗೆದುಕೊಳ್ಳುವವರಿದ್ದಾರೆ. ಅಲ್ಲಿಗೆ ಹೋದ ಮಕ್ಕಳಿಗಿಂತ ನಮ್ಮವರು ಚೆನ್ನಾಗಿ ಬರೆದರು, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ನಕ್ಷೆ ಗುರುತಿಸೋದಕ್ಕೆ ನಾನು ಮಾಡಿಸುವ ಅಭ್ಯಾಸ ಇಲ್ಲಿ ಬರೆಯಲ್ಲ, ಅದು ನಮ್ಮ ಮಕ್ಕಳ ಪಾಲಿಗಿರಲಿ. ಮನೆ ಭೇಟಿಯ ನಮೂನೆ ಬೇಕಿದ್ದರೆ ಕೊಡುತ್ತೇನೆ.

ಮುಂದಿನ ಬೇಸಿಗೆಗೆ ನಾಗಮಂಗಲ ಕಡೆಯ ಒಂದು ಊರು ಬೇಕು. ನಾಲೆ ನೀರಿಲ್ಲದ, ರಾಗಿ ಹುರುಳಿ ಬೆಳೆಯುವ ಊರಿನ ಪಿರಮಿಡ್ಡನ್ನು ಮದ್ದೂರಿನದರ ಪಕ್ಕ ಇಟ್ಟು ನೋಡಬೇಕು ಅಂತ ಆಸೆ. ಅಲ್ಲಿಯ ಉಪನ್ಯಾಸಕರು ಯಾರಾದರೂ ಕೈಜೋಡಿಸುವುದಾದರೆ ಯುಗಾದಿಗೆ ಮುಂಚೆ ಹೇಳಿ. ಗ್ರಾಫ್ ಹಾಳೆ ನಾನೇ ತರುತ್ತೇನೆ.