ಫೋರ್ ವೀಲ್ ಡ್ರೈವು, ಆಲ್ ವೀಲ್ ಡ್ರೈವು: ಟ್ರಾನ್ಸ್‌ಫರ್ ಕೇಸ್ ಒಳಗೆ ನಾನ್ ನೋಡಿದ್ದು
ಮೂಡಿಗೆರೆ ಕಡೆ ತೋಟದ ಗಾಡಿಗಳ ಕೆಲಸಾನೇ ನನ್ ಹತ್ರ ಜಾಸ್ತಿ ಬರೋದು, ಬೊಲೆರೊ ಕ್ಯಾಂಪರ್, ಇಸುಝು ವಿ-ಕ್ರಾಸ್, ಫಾರ್ಚೂನರ್. ಫೋರ್ ವೀಲ್ ಡ್ರೈವಲ್ಲೂ ಆಲ್ ವೀಲ್ ಡ್ರೈವಲ್ಲೂ ನಾಲ್ಕೂ ಚಕ್ರಕ್ಕೆ ಪವರ್ ಹೋಗತ್ತಲ್ವಾ ಇನ್ನೇನ್ ವ್ಯತ್ಯಾಸ ಅಂತ ಸುಮಾರ್ ಜನ ಕೇಳ್ತಾರೆ. ಗೇರ್‌ಬಾಕ್ಸ್ ಹಿಂದೆ ಕೂತು ಪವರನ್ನ ಮುಂದಕ್ಕೂ ಹಿಂದಕ್ಕೂ ಹಂಚೋ ಟ್ರಾನ್ಸ್‌ಫರ್ ಕೇಸಲ್ಲಿ ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ಮಧ್ಯ ಏನಿದೆ ಅನ್ನೋದ್ರಲ್ಲೇ ಎಲ್ಲಾ ಇರೋದು.

ವಿ-ಕ್ರಾಸ್ ತರದ ಪಿಕಪ್ಪು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವು, ಅಂದ್ರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಪವರ್. ಮಾಮೂಲಿ ಓಡ್ಸೋ ಟೂ ಹೈ ಸ್ಥಾನದಲ್ಲಿ ಹಿಂದಿನ ಚಕ್ರಕ್ಕೆ ಮಾತ್ರ ಪವರ್, ನಾಲ್ಕೂ ಚಕ್ರದ ಫೋರ್ ಹೈಗೆ ಹಾಕಿದ್ರೆ ಎರಡೂ ಶಾಫ್ಟು ಒಂದಕ್ಕೊಂದು ಲಾಕ್, ಒಂದೇ ಸ್ಪೀಡಲ್ಲೇ ತಿರುಗ್ಬೇಕು. ಆದ್ರೆ ತಿರುವಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗ್ಬೇಕಲ್ಲ, ಕೆಸರಲ್ಲಾದ್ರೆ ಟೈರ್ ಜಾರಿ ಸರಿಹೋಗತ್ತೆ, ಒಣ ಟಾರ್ ರೋಡಲ್ಲಿ ಜಾರಲ್ಲ, ಸ್ಟೇರಿಂಗ್ ಬಿಗಿಯಾಗತ್ತೆ, ಶಾಫ್ಟ್ ತಿರುಚ್ಕೊಂಡು ವಾಪಸ್ ಟೂ ಹೈಗೆ ಬರೋದೇ ಇಲ್ಲ. ಆಗ ಬಲ ಹಾಕ್ಬೇಡಿ, ನೇರ ಸ್ವಲ್ಪ ರಿವರ್ಸ್ ತಗೊಳ್ಳಿ, ಟಕ್ ಅಂತ ಬಿಡತ್ತೆ.

2009ರಲ್ಲಿ ಇಲ್ಲಿಗೆ ಬಂದ ಮೊದಲನೇ ಫಾರ್ಚೂನರ್ ಫೋರ್ ಬೈ ಫೋರ್ ಹಂಗಲ್ಲ. ಅದ್ರಲ್ಲಿ ಟೂ ವೀಲ್ ಅನ್ನೋದೇ ಇಲ್ಲ, ಯಾವಾಗ್ಲೂ ನಾಲ್ಕೂ ಚಕ್ರಕ್ಕೆ ಪವರ್, ಆಲ್ ವೀಲ್ ಅನ್ನೋದು ಇದನ್ನೇ. ಮಧ್ಯದಲ್ಲಿ ಟಾರ್ಸನ್ ಅನ್ನೋ ಜಾತಿಯ ಸೆಂಟರ್ ಡಿಫರೆನ್ಷಿಯಲ್ ಇದೆ, ಪವರ್ ಹಂಚೋ ಗೇರ್‌ಗಳ ಜೋಡಣೆ ಅದು, ಎರಡೂ ಶಾಫ್ಟು ಬೇರೆಬೇರೆ ಸ್ಪೀಡಲ್ಲಿ ತಿರುಗ್ಬೋದು. ಇದನ್ನ ನಾನು ಹುಡುಗರಿಗೆ ಲಿಫ್ಟ್ ಮೇಲೇ ತೋರಿಸ್ತೀನಿ: ಇಂಜಿನ್ ಆಫ್ ಮಾಡಿ, ಗೇರಲ್ಲಿ ಬಿಟ್ಟು, ಆ ಡಿಫರೆನ್ಷಿಯಲ್ಲಿನ ಲಾಕ್ ತೆಗೆದು ಮುಂದಿನ ಶಾಫ್ಟನ್ನ ಕೈಯಲ್ಲಿ ತಿರುಗ್ಸಿದ್ರೆ ಹಿಂದಿನ ಶಾಫ್ಟು ಉಲ್ಟಾ ದಿಕ್ಕಿಗೆ ತಿರುಗತ್ತೆ. ಅದೇ ಪಾರ್ಟ್ ಟೈಮ್ ಗಾಡೀಲಿ ಟೂ ಹೈಲಿದ್ರೆ ಮುಂದಿನದು ಸಲೀಸಾಗಿ ಸುತ್ತತ್ತೆ, ಹಿಂದಿನದು ಕದಲಲ್ಲ, ಫೋರ್ ಹೈಲಿ ಎರಡೂ ಕದಲಲ್ಲ. ಒಂದ್ಸಲ ಹಿಂಗೆ ಕೈಯಲ್ಲಿ ಹಿಡಿದು ನೋಡಿದೋರಿಗೆ ಮತ್ತೆ ಪಾಠ ಹೇಳೋದೇ ಬೇಕಾಗಲ್ಲ.

ಗಮನ ಇಡ್ಬೇಕಾಗಿದ್ದು ಏನಂದ್ರೆ 2016ರಲ್ಲಿ ಬಂದ ಎರಡನೇ ಫಾರ್ಚೂನರ್ ಇಲ್ಲಿ ಪಾರ್ಟ್ ಟೈಮ್ ಆಗೋಯ್ತು, ಹಳೇದನ್ನ ಓಡ್ಸಿದೋರು ಅದೇ ಅಭ್ಯಾಸದಲ್ಲಿ ಹೊಸದನ್ನ ಟಾರ್ ರೋಡಲ್ಲೂ ಫೋರ್ ಹೈಲೇ ಓಡಿಸ್ಬಾರ್ದು.

ಇನ್ನೊಂದು ಜಾತಿ ಫೋರ್ಡ್ ಎಂಡೆವರ್ 3.2ದು, ಅದ್ರ ಟ್ರಾನ್ಸ್‌ಫರ್ ಕೇಸಲ್ಲಿ ಕ್ಲಚ್ ಪ್ಲೇಟ್‌ಗಳಿವೆ, ಎಷ್ಟು ಒತ್ಬೇಕು ಅಂತ ಕಂಪ್ಯೂಟರ್ ನೋಡ್ಕೊಳತ್ತೆ. ಅದಕ್ಕೆ ಕಂಪನಿ ಹೇಳಿದ ಆಯಿಲ್ ಬಿಟ್ಟು ಬೇರೆ ಹಾಕೋದಕ್ಕೆ ನಾನಂತೂ ಒಪ್ಪಲ್ಲ. ಟೈರೂ ಅಷ್ಟೇ, ಮೂರು ಸವೆದಿದ್ದು ಒಂದು ಹೊಸದು ಅಂತ ಹಾಕಿದ್ರೆ ಸುತ್ತಳತೆ ಬೇರೆಯಾಗಿ ಆ ಕ್ಲಚ್ಚು ನೇರ ರೋಡಲ್ಲೂ ಉಜ್ಜಿ ಬಿಸಿಯಾಗ್ತಾನೇ ಇರತ್ತೆ.

ತೋಟದೊಳಗೇ ಓಡೋ ಗಾಡಿಗೆ ಪಾರ್ಟ್ ಟೈಮೇ ಸಾಕು, ಗಟ್ಟಿ, ರಿಪೇರಿ ಸುಲಭ. ಮಳೆಗಾಲದಲ್ಲಿ ದಿನಾ ಚಾರ್ಮಾಡಿ ಘಾಟಿ ಇಳಿಯೋರಿಗೆ, ಒಂದ್ ತಿರುವು ನೀರು ಒಂದ್ ತಿರುವು ಒಣಗಿದ್ದು ಇರೋ ಕಡೆ, ಸೆಂಟರ್ ಡಿಫರೆನ್ಷಿಯಲ್ ಇರೋದನ್ನೇ ತಗೊಳ್ಳಿ ಅಂತೀನಿ. ಆದ್ರೆ ಅದು ಕೆಟ್ಟು ನಿಂತ್ರೆ ಎರಡು ಚಕ್ರ ಎತ್ಕೊಂಡು ಎಳ್ಕೊಂಡ್ ಹೋಗೋಕೆ ಬಿಡ್ಬೇಡಿ, ನಾಲ್ಕೂ ಚಕ್ರ ಮೇಲೆ ಏರ್ಸೋ ಫ್ಲಾಟ್‌ಬೆಡ್ಡೇ ತರ್ಸಿ.